ಸಂಜೆ ನಾಲ್ಕೂವರೆಯ ನಂತರದ ಮಕ್ಕಳು

ಬೆಳಿಗ್ಗೆ ಶಾಲೆಯ ಗೇಟು ದಾಟಿದ ಬಡವರ ಮಗು ಸಂಜೆ ನಾಲ್ಕೂವರೆಯವರೆಗೆ ಸರ್ಕಾರದ ಮಗು. ಬಿಸಿಹಾಲು, ಬಿಸಿಯೂಟ, ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು, ಪುಸ್ತಕ, ಸಮವಸ್ತ್ರ, ಶೂ. ಅಕ್ಷರ ದಾಸೋಹ ಶುರುವಾದ 2002ರಿಂದ ಈಚೆಗೆ ಕರ್ನಾಟಕ ಈ ಹಗಲಿನ ಹೊತ್ತನ್ನು ಸ್ವಲ್ಪ ಸ್ವಲ್ಪವಾಗಿ ಭದ್ರ ಮಾಡಿಕೊಂಡು ಬಂದಿದೆ. ಅದನ್ನು ಮೆಚ್ಚದೆ ಇರುವುದು ಅನ್ಯಾಯ. ಆದರೆ ಕೊನೆಯ ಗಂಟೆ ಹೊಡೆದ ಮೇಲೆ? ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಗಾರ್ಮೆಂಟ್ಸಿಗೆ ಹೋದ ತಾಯಿಯನ್ನು ವ್ಯಾನು ಊರಿನ ಸರ್ಕಲ್ಲಿನಲ್ಲಿ ಇಳಿಸುವಷ್ಟರಲ್ಲಿ ಕತ್ತಲಾಗಿರುತ್ತದೆ. ಅಪ್ಪ ಶುಂಠಿ ಹೊಲದಲ್ಲೋ, ಗಾರೆ ಕೆಲಸದಲ್ಲೋ, ಬಾರಿನ ಎದುರೋ ಇರುತ್ತಾನೆ. ಕೆಲವು ಮನೆಗಳಲ್ಲಿ ಅಪ್ಪ ಎಂಬುವವನೇ ಇಲ್ಲ. ಮನೆಯಲ್ಲಿ ಕಣ್ಣು ಮಂಜಾದ ಅಜ್ಜಿ, ತೊಟ್ಟಿಲಲ್ಲಿ ತಮ್ಮ, ಅವನನ್ನು ತೂಗಲು ಒಂಬತ್ತು ವರ್ಷದ ಅಕ್ಕ.

ಚರ್ಚಿನವರು ಮಕ್ಕಳಿಗಾಗಿ ಏನು ಮಾಡುತ್ತಾರೆ ಎಂದು ಶಿವಮೊಗ್ಗದಲ್ಲಿ ಯಾರನ್ನು ಕೇಳಿದರೂ ಮೊದಲು ಬರುವ ಉತ್ತರ ಕಾನ್ವೆಂಟು, ಎರಡನೆಯದು ಅನಾಥಾಶ್ರಮ. ಎರಡೂ ಕಟ್ಟಡಗಳೇ. ಕಟ್ಟಡ ಕಣ್ಣಿಗೆ ಕಾಣುತ್ತದೆ, ಅದಕ್ಕೆ ಬೋರ್ಡು ಇರುತ್ತದೆ, ಉದ್ಘಾಟನೆಯ ಕಲ್ಲು ಇರುತ್ತದೆ. ಭಾನುವಾರದ ಪೂಜೆ ಮುಗಿಸಿ ಇಬ್ಬರು ಗೃಹಿಣಿಯರು ಒಂದು ತಾಂಡಾದ ಕಡೆಗೋ ಕಾಲೋನಿಯ ಕಡೆಗೋ ನಡೆದುಹೋಗುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಮಕ್ಕಳ ಲೆಕ್ಕದಲ್ಲಿ ಹೆಚ್ಚು ಬೆಲೆಯುಳ್ಳದ್ದು ಕಣ್ಣಿಗೆ ಬೀಳದ ಆ ಮನೆ ಭೇಟಿ ಎಂಬುದು ನನ್ನ ವಾದ. ಕಾನೂನೂ ಈಗ ಅದೇ ದಿಕ್ಕಿಗೆ ತಿರುಗಿದೆ. ಚರ್ಚು ಮಾತ್ರ ಪೂರ್ತಿಯಾಗಿ ಇನ್ನೂ ತಿರುಗಿಲ್ಲ.

ಮೊದಲು ಊರಿನ ಮಾತು. ಶಿವಮೊಗ್ಗದಿಂದ ಇಪ್ಪತ್ತು ಕಿಲೋಮೀಟರಿನೊಳಗೆ ಸಿಗುವ ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. 1923ರ ಜನವರಿಯಲ್ಲಿ ಇಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಊದುಕುಲುಮೆ ಹೊತ್ತಿತು, ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಅಧ್ಯಕ್ಷರಾಗಿ ನಷ್ಟದ ಕಾರ್ಖಾನೆಯನ್ನು ದಡ ಮುಟ್ಟಿಸಿದರು. 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಎಂ.ಪಿ.ಎಂ. ಬಂತು. ತಮಿಳರು, ಮಲಯಾಳಿಗಳು, ತೆಲುಗರು, ಕೊಂಕಣಿ ಮಾತಾಡುವ ಮಂಗಳೂರಿನವರು ನ್ಯೂಟೌನು, ಪೇಪರ್‌ಟೌನುಗಳಲ್ಲಿ ಬಂದು ನೆಲೆಸಿದರು. ಅವರ ಜೊತೆ ಅವರ ದೇವರೂ ಬಂದ. ಇವತ್ತಿಗೂ ಭದ್ರಾವತಿಯ ಒಂದೇ ರಸ್ತೆಯ ಕ್ರೈಸ್ತರ ಮನೆಗಳಲ್ಲಿ ನಾಲ್ಕು ಭಾಷೆಯ ಜಪಮಾಲೆ ಕೇಳಿಸುವುದಕ್ಕೆ ಕಾರಣ ಈ ಎರಡು ಚಿಮಣಿಗಳು.

ಚಿಮಣಿಗಳ ಕಥೆ ಗೊತ್ತಿರುವುದೇ. ಎಂ.ಪಿ.ಎಂ. 2015ರಲ್ಲಿ ಉತ್ಪಾದನೆ ನಿಲ್ಲಿಸಿತು. 1998ರಲ್ಲಿ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಗಿದ್ದ ಕಬ್ಬಿಣದ ಕಾರ್ಖಾನೆ ವಿ.ಐ.ಎಸ್.ಎಲ್. ಅನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಸಾವಿರಕ್ಕೂ ಹೆಚ್ಚು ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತರು, ಅದೇ ವರ್ಷ ಒಂದಷ್ಟು ಕೆಲಸ ಮತ್ತೆ ಶುರುವಾಯಿತು. ಕಾಯಂ ನೌಕರರು ಹಣ ತೆಗೆದುಕೊಂಡು ಸ್ವಂತ ಊರಿಗೋ ಮಕ್ಕಳಿರುವ ಬೆಂಗಳೂರಿಗೋ ಹೋದರು. ಉಳಿದವರು ಗುತ್ತಿಗೆಯವರು, ಕಾಯಂ ನೌಕರರ ಮನೆಗೆ ಪಾತ್ರೆ ತೊಳೆಯಲು ಹೋಗುತ್ತಿದ್ದವರು, ನೆಡುತೋಪಿನಲ್ಲಿ ನೀಲಗಿರಿ ಕಡಿಯುತ್ತಿದ್ದವರು. ಕಾರ್ಖಾನೆ ಮುಚ್ಚಿದಾಗ ಪಟ್ಟಣಕ್ಕಿಂತ ಹೆಚ್ಚು ಪೆಟ್ಟು ಬೀಳುವುದು ಅದರ ಸುತ್ತಲ ಹಳ್ಳಿಗೆ. ಆ ಹಳ್ಳಿಗಳಲ್ಲಿ ಶರಾವತಿಯ ಲಿಂಗನಮಕ್ಕಿಯಲ್ಲಿ ಮುಳುಗಿ ಬಂದು, ಹಕ್ಕುಪತ್ರವಿಲ್ಲದೆ ಅರವತ್ತು ವರ್ಷ ಕಳೆದವರಿದ್ದಾರೆ. ಸುಗ್ಗಿ ನೋಡಿ ಚಿಕ್ಕಮಗಳೂರಿನ ಕಾಫಿ ಎಸ್ಟೇಟಿಗೂ ಮಂಡ್ಯದ ಕಬ್ಬಿನ ಗದ್ದೆಗೂ ಹೊರಡುವ ಲಂಬಾಣಿಗಳಿದ್ದಾರೆ. ಅಡಿಕೆ ಸುಲಿಯುವ ತಿಂಗಳುಗಳಲ್ಲಿ ಹಾಜರಿ ಪುಸ್ತಕ ತೆಳ್ಳಗಾಗುವ ಶಾಲೆಗಳೂ ಇಲ್ಲಿಯವೇ. ದೊಡ್ಡವರು ಘಟ್ಟಕ್ಕೆ ಹೋದಾಗ ಮಗುವನ್ನು ಕರೆದುಕೊಂಡು ಹೋದರೆ ಶಾಲೆ ತಪ್ಪುತ್ತದೆ, ಬಿಟ್ಟುಹೋದರೆ ಮಗುವಿಗೆ ಕಾವಲು ತಪ್ಪುತ್ತದೆ.

ಈ ನೆಲದಲ್ಲಿ ಕಥೋಲಿಕ ಚರ್ಚಿಗೆ ಎರಡು ಆಡಳಿತ. 1988ರಲ್ಲಿ ರಚನೆಯಾದ ಶಿವಮೊಗ್ಗ ಧರ್ಮಪ್ರಾಂತ್ಯದ ಪ್ರಧಾನಾಲಯ ಬಿ.ಎಚ್. ರಸ್ತೆಯ ಪವಿತ್ರ ಹೃದಯ ದೇವಾಲಯ. ಅದರ ವ್ಯಾಪ್ತಿ ದಾವಣಗೆರೆ, ಚಿತ್ರದುರ್ಗದವರೆಗೆ. ಕೇರಳದಿಂದ ಮಲೆನಾಡಿಗೆ ರಬ್ಬರು, ಮೆಣಸು, ಶುಂಠಿ ಹಿಡಿದು ಬಂದ ಸೀರೋ ಮಲಬಾರ್ ಕುಟುಂಬಗಳಿಗಾಗಿ 2007ರಲ್ಲಿ ಭದ್ರಾವತಿಯನ್ನೇ ಕೇಂದ್ರ ಮಾಡಿ ಇನ್ನೊಂದು ಧರ್ಮಪ್ರಾಂತ್ಯ ಹುಟ್ಟಿತು. ಎರಡಕ್ಕೂ ಸಮಾಜಸೇವೆಯ ಪ್ರತ್ಯೇಕ ಸಂಸ್ಥೆಗಳಿವೆ. ಶಿವಮೊಗ್ಗದ ಆಲ್ಕೊಳದ ಕಡೆಯವರಿಗೆ ‘ಚೈತನ್ಯ’ ಎಂದರೆ ಮಲ್ಟಿಪರ್ಪಸ್ ಸೋಷಿಯಲ್ ಸರ್ವೀಸ್ ಸೊಸೈಟಿ. ಇವಲ್ಲದೆ ವೆಸ್ಲಿಯನ್ ಮಿಷನ್ ಪರಂಪರೆಯ ಸಿ.ಎಸ್.ಐ. ಸಭೆ, ಸಣ್ಣಪುಟ್ಟ ಪ್ರಾರ್ಥನಾ ಸಭೆಗಳು. ಎಲ್ಲ ಕೂಡಿಸಿದರೂ ಜಿಲ್ಲೆಯಲ್ಲಿ ಕ್ರೈಸ್ತರು ಕೈಬೆರಳೆಣಿಕೆಯ ಪಾಲು. ಆದರೆ ವಾರಕ್ಕೊಮ್ಮೆ ತಪ್ಪದೆ ಒಂದೆಡೆ ಸೇರುವ, ಮನೆಮನೆಯ ಲೆಕ್ಕ ಗೊತ್ತಿರುವ ಸಂಘಟನೆ ಅವರಿಗಿದೆ. ಮಂಗಳೂರು ಮೂಲದವರ ಧರ್ಮಕೇಂದ್ರಗಳಲ್ಲಿ ವಾಡೆಗೊಬ್ಬ ಗುರಿಕಾರ, ಉಳಿದ ಕಡೆ ಕಿರು ಕ್ರೈಸ್ತ ಸಮುದಾಯದ ಮುಖಂಡರು. ಯಾವ ಮನೆಯಲ್ಲಿ ಕಾಯಿಲೆ, ಯಾವ ಮನೆಯಲ್ಲಿ ಜಗಳ ಎಂಬುದು ಇವರಿಗೆ ಫಾದರ್‌ಗಿಂತ ಮೊದಲು ತಿಳಿಯುತ್ತದೆ. ಇಂಥ ಕಣ್ಣುಗಳು ಯಾವ ಇಲಾಖೆಗೂ ಇಲ್ಲ.

ಹಾಗಿದ್ದೂ ಕಟ್ಟಡವೇ ಮುಂದೆ ಬಂದದ್ದಕ್ಕೆ ಇತಿಹಾಸವಿದೆ. 1876–78ರ ಕ್ಷಾಮ ಮೈಸೂರು ಸಂಸ್ಥಾನವನ್ನು ಹೇಗೆ ಅಲ್ಲಾಡಿಸಿತೆಂದರೆ, 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಬಯಲುಸೀಮೆಯ ದಾರಿಗಳಲ್ಲಿ ಅಪ್ಪ ಅಮ್ಮ ಸತ್ತ ಮಕ್ಕಳು ಉಳಿದಿದ್ದರು. ಅವರನ್ನು ಎತ್ತಿಕೊಳ್ಳಲು ಆಗ ಬೇಕಾದದ್ದು ಸೂರು, ಅನ್ನ. ವೆಸ್ಲಿಯನ್ ಮಿಷನ್ನಿನವರು, ಕಥೋಲಿಕ ಪಾದ್ರಿಗಳು ಅನಾಥಾಲಯಗಳನ್ನು ತೆರೆದರು. ಮಂಗಳೂರಿನ ಜೆಪ್ಪುವಿನಲ್ಲಿ 1898ರಲ್ಲಿ ಶುರುವಾದ ಸಂತ ಆಂತೋನಿ ಆಶ್ರಮವೂ ಅದೇ ಕಾಲದ ಮನಸ್ಸಿನದು. ನಮ್ಮ ಮಠಗಳ ಪ್ರಸಾದ ನಿಲಯಗಳನ್ನು ಇದರ ಪಕ್ಕದಲ್ಲೇ ಇಟ್ಟು ನೋಡಬೇಕು. ಸಿದ್ಧಗಂಗೆಯ ಅನ್ನ ಉಂಡು ಓದಿದವರಿಲ್ಲದ ತಾಲ್ಲೂಕು ಈ ರಾಜ್ಯದಲ್ಲಿ ಸಿಗಲಾರದು. ಊರಿನಲ್ಲಿ ಹೈಸ್ಕೂಲೇ ಇಲ್ಲದ ಕಾಲದಲ್ಲಿ ಹಾಸ್ಟೆಲ್ ಎಂಬುದು ವರ. ಅದನ್ನು ಇವತ್ತಿನ ಕಾನೂನಿನ ಕನ್ನಡಕ ಹಾಕಿಕೊಂಡು ಹೀಯಾಳಿಸುವುದು ಸುಲಭ, ಆದರೆ ಸರಿಯಲ್ಲ.

ಕಾಲ ಬದಲಾದರೂ ಕಟ್ಟಡ ಬದಲಾಗಲಿಲ್ಲ, ಸಮಸ್ಯೆ ಅಲ್ಲಿ. ಅನಾಥಾಶ್ರಮ ಎಂದು ಬೋರ್ಡು ಇರುವ ಕಡೆ ಈಗ ಇರುವ ಮಕ್ಕಳಲ್ಲಿ ತಂದೆ ತಾಯಿ ಇಬ್ಬರೂ ಇಲ್ಲದವರು ಕಡಿಮೆ. ಹೆಚ್ಚಿನವರಿಗೆ ತಾಯಿ ಇದ್ದಾಳೆ. ಅವಳಿಗೆ ಇಲ್ಲದಿರುವುದು ದುಡ್ಡು, ಅಥವಾ ಕುಡಿದು ಹೊಡೆಯುವ ಗಂಡನಿಂದ ರಕ್ಷಣೆ, ಅಥವಾ ಕೆಲಸಕ್ಕೆ ಹೋದಾಗ ಮಗುವನ್ನು ನೋಡಿಕೊಳ್ಳಲು ಒಬ್ಬರು. ಮೂರಕ್ಕೂ ನಾವು ಕೊಡುತ್ತಿದ್ದ ಔಷಧ ಒಂದೇ: ಮಗುವನ್ನು ಅವಳಿಂದ ದೂರ ಕರೆದುಕೊಂಡು ಹೋಗುವುದು.

ಇದರ ಬೆಲೆ ಏನೆಂದು ಅಳೆದು ತೋರಿಸಿದ್ದು ರುಮೇನಿಯಾದ ಒಂದು ಅಧ್ಯಯನ. ಚೌಶೆಸ್ಕು ಆಡಳಿತ ಬಿದ್ದ ಮೇಲೆ ಅಲ್ಲಿನ ಸರ್ಕಾರಿ ಅನಾಥಾಲಯಗಳ ಸ್ಥಿತಿ ನೋಡಿ ಜಗತ್ತು ಬೆಚ್ಚಿಬಿದ್ದಿತ್ತು. 2000ದಲ್ಲಿ ಅಮೆರಿಕದ ಸಂಶೋಧಕರು ಬುಕಾರೆಸ್ಟಿನ ಸಂಸ್ಥೆಗಳಲ್ಲಿದ್ದ 136 ಪುಟ್ಟ ಮಕ್ಕಳನ್ನು ಆರಿಸಿ, ಅರ್ಧದಷ್ಟು ಮಕ್ಕಳನ್ನು ತರಬೇತಾದ ಸಾಕು ಕುಟುಂಬಗಳಿಗೆ ಕಳಿಸಿದರು. ಉಳಿದವರು ಇದ್ದಲ್ಲೇ ಇದ್ದರು. ವರ್ಷಗಳು ಕಳೆದಂತೆ ಮನೆಗೆ ಹೋದ ಮಕ್ಕಳ ಬುದ್ಧಿಮತ್ತೆಯ ಅಂಕ ಮೇಲೆ ಹೋಯಿತು, ಬಂಧ ಬೆಸೆಯುವ ಶಕ್ತಿ ಚಿಗುರಿತು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರಿಗೆ ಹೆಚ್ಚು ಲಾಭ. ಸಂಸ್ಥೆಯಲ್ಲಿ ಅನ್ನಕ್ಕೆ ಕೊರತೆ ಇಲ್ಲದಿದ್ದರೂ ಒಂದು ಮಗುವಿಗೆ ತನ್ನದೇ ಎನ್ನುವ ಒಬ್ಬ ದೊಡ್ಡವರು ಸಿಗುವುದಿಲ್ಲ. ಪಾಳಿ ಬದಲಾದರೆ ಆಯಾ ಬದಲಾಗುತ್ತಾಳೆ.

ನಮ್ಮಲ್ಲಿ ಕೇಂದ್ರ ಸರ್ಕಾರ 2016–17ರಲ್ಲಿ ಮಕ್ಕಳ ಪಾಲನಾ ಸಂಸ್ಥೆಗಳ ಗಣತಿ ಮಾಡಿಸಿತು. ದೇಶದಲ್ಲಿ 9,589 ಸಂಸ್ಥೆಗಳು, ಅವುಗಳಲ್ಲಿ 3.77 ಲಕ್ಷ ಮಕ್ಕಳು. ನೂರಕ್ಕೆ ತೊಂಬತ್ತೊಂದು ಸಂಸ್ಥೆ ಸ್ವಯಂಸೇವಾ ಸಂಘಗಳದ್ದು. ಬಾಲನ್ಯಾಯ ಕಾಯ್ದೆಯಡಿ ನೋಂದಣಿಯಾದದ್ದು ಹೆಚ್ಚುಕಡಿಮೆ ಮೂರರಲ್ಲೊಂದು. 2015ರ ಕಾಯ್ದೆ ಬಂದ ಮೇಲೆ ನೋಂದಣಿ ಇಲ್ಲದೆ ಮಕ್ಕಳನ್ನು ಇರಿಸಿಕೊಳ್ಳುವುದು ಅಪರಾಧ: ಒಂದು ವರ್ಷದವರೆಗೆ ಜೈಲು, ಇಲ್ಲವೇ ಕನಿಷ್ಠ ಒಂದು ಲಕ್ಷ ದಂಡ, ಇಲ್ಲವೇ ಎರಡೂ. ದಾರಿಯಲ್ಲಿ ಸಿಕ್ಕ ಮಗುವನ್ನು 24 ಗಂಟೆಯೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅಧ್ಯಕ್ಷರೊಬ್ಬರು, ಸದಸ್ಯರು ನಾಲ್ವರು ಇರುವ ಆ ಸಮಿತಿ ಹೇಳಿದ ಕಡೆಗೆ ಮಗು ಹೋಗಬೇಕೇ ಹೊರತು ಫಾದರ್ ಹೇಳಿದ ಕಡೆಗಲ್ಲ, ಸ್ವಾಮೀಜಿ ಹೇಳಿದ ಕಡೆಗೂ ಅಲ್ಲ. ಸಂಸ್ಥೆಯಲ್ಲಿ ಇರಿಸುವುದು ಕೊಟ್ಟಕೊನೆಯ ದಾರಿ ಎಂದು ಕಾಯ್ದೆಯೇ ಹೇಳುತ್ತದೆ.

2020ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಕರ್ನಾಟಕವೂ ಸೇರಿ ಎಂಟು ರಾಜ್ಯಗಳಿಗೆ ಪತ್ರ ಬರೆದು, ಸಂಸ್ಥೆಗಳಲ್ಲಿರುವ ಮಕ್ಕಳನ್ನು ನೂರು ದಿನದಲ್ಲಿ ಮನೆಗೆ ಕಳಿಸಿ ಎಂದಿತು. ಉದ್ದೇಶ ಸರಿ, ಅವಸರ ತಪ್ಪು. ಯಾವ ಮನೆಯ ಹೊಡೆತ ತಾಳದೆ ಮಗು ಹೊರಬಂದಿತ್ತೋ ಅದೇ ಮನೆಗೆ, ಆ ಮನೆಯ ಬಾಗಿಲು ಕೂಡ ನೋಡದೆ ಬಸ್ಸು ಹತ್ತಿಸಿ ಕಳಿಸುವುದು ಯಾವ ರಕ್ಷಣೆ? ಮನೆಗೆ ಕಳಿಸಬೇಕಾದರೆ ಮನೆಯನ್ನು ನೋಡಿಬರುವವರು ಬೇಕು. ಒಮ್ಮೆ ನೋಡಿದರೆ ಸಾಲದು, ಹೋಗುತ್ತಿರಬೇಕು. ಒಂದು ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದಲ್ಲಿ ಇರುವ ಬೆರಳೆಣಿಕೆಯ ಸಿಬ್ಬಂದಿ ಏಳು ತಾಲ್ಲೂಕು ಸುತ್ತಿ ಈ ಕೆಲಸ ಮಾಡಲಾರರು.

ಇಲ್ಲಿಗೆ ಆ ಇಬ್ಬರು ಗೃಹಿಣಿಯರು ಬಂದರು.

ಅವರು ಹೋಗುವ ರೀತಿಗೆ ಹೆಚ್ಚುಕಡಿಮೆ ಇನ್ನೂರು ವರ್ಷದ ಹಿನ್ನೆಲೆ ಇದೆ. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಒಜಾನಾಮ್ ಎಂಬ ಇಪ್ಪತ್ತು ವರ್ಷದ ಕಾನೂನು ವಿದ್ಯಾರ್ಥಿ ಚರ್ಚಾಕೂಟವೊಂದರಲ್ಲಿ ಸಿಕ್ಕಿಬಿದ್ದ. ನಿಮ್ಮ ಧರ್ಮ ಹಿಂದೆ ಏನೇನೋ ಮಾಡಿರಬಹುದು, ಈಗ ಬಡವರಿಗೆ ಏನು ಮಾಡುತ್ತಿದೆ ಎಂದು ಎದುರಾಳಿಗಳು ಕೇಳಿದ್ದರು. ಅವನೂ ಗೆಳೆಯರೂ ಒಂದಿಷ್ಟು ಸೌದೆ ಹೊತ್ತುಕೊಂಡು ಕೊಳೆಗೇರಿಯ ಮನೆಗಳಿಗೆ ಹೊರಟರು. ಬಡವರ ಮನೆಗೆ ಹೇಗೆ ಹೋಗಬೇಕು, ಹೇಗೆ ಕೂರಬೇಕು ಎಂದು ಕಲಿಸಿದ್ದು ರೊಸಾಲಿ ರಾಂದು ಎಂಬ ಸಿಸ್ಟರ್. ಹಾಗೆ ಹುಟ್ಟಿದ ಸಂತ ವಿನ್ಸೆಂಟ್ ದೆ ಪೌಲ್ ಸಭೆ 1863ರಲ್ಲಿ ಭಾರತಕ್ಕೆ ಬಂತು. ಚರ್ಚಿನ ಶ್ರೀಸಾಮಾನ್ಯರೇ ನಡೆಸುವ ಸಭೆ ಇದು. ಅದರಲ್ಲಿ ರಿಟೈರ್ಡ್ ಮೇಷ್ಟ್ರು, ಅಂಗಡಿಯವರು, ನರ್ಸಮ್ಮ, ಟೈಲರ್ ಎಲ್ಲ ಇರುತ್ತಾರೆ.

ನಿಯಮಗಳು ಸರಳ, ಆದರೆ ಜಾಣತನದವು. ವಾರಕ್ಕೊಮ್ಮೆ ಸೇರಬೇಕು. ಮನೆ ಭೇಟಿಗೆ ಇಬ್ಬಿಬ್ಬರಾಗಿ ಹೋಗಬೇಕು, ಒಬ್ಬರೇ ಹೋಗಕೂಡದು. ಕೂಟದ ಕೊನೆಯಲ್ಲಿ ಒಂದು ಚೀಲ ಸುತ್ತು ಬರುತ್ತದೆ. ಯಾರು ನೂರು ಹಾಕಿದರು, ಯಾರು ಐದು ಹಾಕಿದರು, ಯಾರು ಬರೀ ಮುಷ್ಟಿ ಬಿಚ್ಚಿದರು ಎಂಬುದು ಪಕ್ಕದವರಿಗೂ ತಿಳಿಯಬಾರದು. ಪಡೆದವರ ಹೆಸರನ್ನು ಹೊರಗೆ ಆಡಬಾರದು. ನೆರವಿಗೆ ಜಾತಿ ಮತ ಕೇಳಬಾರದು. ಫೋಟೊ ತೆಗೆಸಿಕೊಂಡು ಫ್ಲೆಕ್ಸ್ ಹಾಕುವ ನಮ್ಮ ಕಾಲದ ದಾನಿಗಳು ಈ ಚೀಲವನ್ನೊಮ್ಮೆ ನೋಡಬೇಕು.

ಇಂಥ ಭೇಟಿಯಲ್ಲಿ ನಡೆಯುವುದು ನಾಟಕೀಯವಾದದ್ದೇನಲ್ಲ. ಅಕ್ಕಿ ಬೇಳೆ ಈಗ ಮುಖ್ಯವೂ ಅಲ್ಲ, ರೇಷನ್ ಬರುತ್ತದೆ. ಕೇಳಬೇಕಾದದ್ದು ಬೇರೆ. ದೊಡ್ಡ ಹುಡುಗಿ ಯಾಕೆ ಎರಡು ವಾರದಿಂದ ಶಾಲೆಗೆ ಹೋಗಿಲ್ಲ? ‘ನೆಂಟರ ಮನೆಗೆ ಹೋಗಿದಾಳೆ ಅಕ್ಕಾ’ ಎಂಬ ಉತ್ತರದ ಹಿಂದೆ ಮದುವೆಯ ಮಾತುಕತೆ ಇದೆಯೇ? ಹುಡುಗನ ಮೊಣಕೈಯ ಗಾಯ ಬಿದ್ದದ್ದೋ, ಹೊಡೆದದ್ದೋ? ರೇಷನ್ ಕಾರ್ಡಿಗೆ ಸೊಸೆಯ ಹೆಸರು ಸೇರಿದೆಯೇ? ಇಷ್ಟನ್ನು ಒಂದೇ ದಿನ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಐದಾರು ವಾರ ಚಹಾ ಕುಡಿದು ಸುಮ್ಮನೆ ಎದ್ದುಬಂದ ಮೇಲೆ ಏಳನೆಯ ವಾರ ಆ ತಾಯಿಯೇ ಹೇಳುತ್ತಾಳೆ. ಸಂಬಳದ ಕೆಲಸಗಾರರಿಗೆ ಗುರಿ ಮುಟ್ಟಿಸುವ ಒತ್ತಡ ಇರುತ್ತದೆ. ಸುಮ್ಮನೆ ಕೂರುವ ಪುರುಸೊತ್ತು ಸ್ವಯಂಸೇವಕರ ಬಂಡವಾಳ.

ಎರಡನೆಯ ಕೆಲಸ ಕಾಗದಪತ್ರದ್ದು, ಇದರ ಮಹತ್ವ ಹೊರಗಿನವರಿಗೆ ಹೊಳೆಯುವುದಿಲ್ಲ. 2022ರಿಂದ ಜಾರಿಯಲ್ಲಿರುವ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವ ಎಂಬ ಒಂದು ಭಾಗವಿದೆ. ವಿಧವೆಯ, ಗಂಡ ಬಿಟ್ಟವಳ ಮಕ್ಕಳಿಗೆ, ಅಜ್ಜಿ ಮಾವನ ಮನೆಯಲ್ಲಿ ಬೆಳೆಯುವ ಅನಾಥರಿಗೆ, ತಂದೆ ತಾಯಿ ಮಾರಕ ಕಾಯಿಲೆಯಲ್ಲಿ ಮಲಗಿರುವ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ. ಹಳ್ಳಿಯಲ್ಲಾದರೆ ಕುಟುಂಬದ ವಾರ್ಷಿಕ ವರಮಾನ 72,000, ಪಟ್ಟಣದಲ್ಲಾದರೆ 96,000 ಮೀರಿರಬಾರದು. ಮಗುವನ್ನು ಹಾಸ್ಟೆಲ್ಲಿಗೆ ಕಳಿಸದೆ ಮನೆಯಲ್ಲೇ ಉಳಿಸಿಕೊಳ್ಳಲು ಸರ್ಕಾರ ಕೊಡುವ ಹಣ ಇದು. ಎಷ್ಟೋ ಬಡ ತಾಯಂದಿರಿಗೆ ಇದು ಅರ್ಧ ತಿಂಗಳ ಸಂಬಳ.

ಆದರೆ ಅದು ತಾನಾಗಿ ಮನೆ ಬಾಗಿಲಿಗೆ ಬರುವುದಿಲ್ಲ. ತಾಯಿ ಮಗುವಿನ ಆಧಾರ್, ಬ್ಯಾಂಕ್ ಖಾತೆ, ನಾಡಕಚೇರಿಯಿಂದ ವರಮಾನ ಪತ್ರ, ಶಾಲೆಯಿಂದ ವ್ಯಾಸಂಗ ಪತ್ರ, ಗಂಡ ಸತ್ತಿದ್ದರೆ ಮರಣಪತ್ರ. ಸತ್ತವನ ಪತ್ರವಾದರೂ ಸಿಗುತ್ತದೆ, ಬಿಟ್ಟುಹೋದವನದ್ದು ಎಲ್ಲಿಂದ ತರುವುದು? ಆಧಾರಿನಲ್ಲಿ ‘ಲಕ್ಷ್ಮೀಬಾಯಿ’, ಶಾಲೆಯ ದಾಖಲೆಯಲ್ಲಿ ‘ಲಕ್ಷ್ಮಿ’, ಬ್ಯಾಂಕಿನಲ್ಲಿ ಮತ್ತೇನೋ. ಒಂದು ಅಕ್ಷರ ಸರಿಪಡಿಸಲು ಒಂದು ದಿನದ ಕೂಲಿ ಹೋಗುತ್ತದೆ. ಹಕ್ಕುಪತ್ರವಿಲ್ಲದ ಮುಳುಗಡೆ ಕುಟುಂಬಗಳಿಗೆ ವಿಳಾಸದ ಪುರಾವೆಯೇ ಒಂದು ಹೋರಾಟ. ಈ ಕಿಟಕಿಯಿಂದ ಆ ಕಿಟಕಿಗೆ ತಾಯಿಯ ಜೊತೆ ನಿಲ್ಲುವ ಒಬ್ಬ ಓದಿದ ಮನುಷ್ಯ ಇದ್ದರೆ ಅರ್ಜಿ ಮುಂದೆ ಹೋಗುತ್ತದೆ, ಇಲ್ಲದಿದ್ದರೆ ಕೂತಲ್ಲೇ ಕೂರುತ್ತದೆ. ಧರ್ಮಕೇಂದ್ರವೊಂದು ವರ್ಷಕ್ಕೆ ಹತ್ತು ಮಕ್ಕಳಿಗೆ ಈ ಪ್ರಾಯೋಜಕತ್ವ ಕೊಡಿಸಿದರೆ ಅದು ಸರ್ಕಾರದಿಂದ ವರ್ಷಕ್ಕೆ 4,80,000 ರೂಪಾಯಿಯನ್ನು ಬಡವರ ಮನೆಗೆ ತಂದಂತೆ. ಯಾವ ಹಬ್ಬದ ಕಾಣಿಕೆಯಿಂದಲೂ ಅಷ್ಟು ಎತ್ತುವುದು ಕಷ್ಟ.

ಮೂರನೆಯದು ಸಂಜೆಯ ಪಾಠ. ಚರ್ಚಿನ ಸಭಾಂಗಣ ವಾರದಲ್ಲಿ ಆರು ದಿನ ಬೀಗ ಹಾಕಿಕೊಂಡಿರುತ್ತದೆ. ಅದನ್ನು ಸಂಜೆ ಐದರಿಂದ ಏಳೂವರೆಗೆ ತೆರೆದರೆ ಮಗುವಿಗೆ ದೀಪವಿರುವ ಜಾಗ, ಒಂದು ಹಿಡಿ ಕಡಲೆ, ಮಗ್ಗಿ ಹೇಳಿಕೊಡುವ ಅಕ್ಕ ಸಿಗುತ್ತಾಳೆ. ಹೀಗೆ ತೆರೆದಿರುವ ಕಡೆಗಳಲ್ಲಿ ಪಾಠ ಎಷ್ಟು ತಲೆಗೆ ಹತ್ತುತ್ತದೆ ಎಂಬುದನ್ನು ನಾನು ದೊಡ್ಡ ವಿಷಯ ಮಾಡುವುದಿಲ್ಲ. ಆ ಎರಡೂವರೆ ಗಂಟೆ ಮಗು ಎಲ್ಲಿದೆ ಎಂದು ಒಬ್ಬ ದೊಡ್ಡವರಿಗೆ ಗೊತ್ತಿರುತ್ತದೆ, ಅಷ್ಟು ಸಾಕು. ಹಾಗೆ ನೋಡಿದರೆ ಪಂಚಾಯಿತಿಯ ಅರಿವು ಕೇಂದ್ರ, ಊರಿನ ಸಮುದಾಯ ಭವನ, ಮಠದ ಜಗಲಿ, ಮದರಸದ ಹಜಾರ ಯಾವುದಾದರೂ ಆದೀತು. ಚರ್ಚಿನ ಅನುಕೂಲವೆಂದರೆ ಬಾಗಿಲು ತೆರೆಯಲು ಜನ ಇದ್ದಾರೆ.

ಈಗ ಹಣದ ಮಾತು. ಒಂದು ಕಾಲದಲ್ಲಿ ಹೊರದೇಶದ ಒಬ್ಬರು ಇಲ್ಲಿಯ ಒಂದು ಮಗುವಿನ ಫೋಟೊ ನೋಡಿ ತಿಂಗಳು ತಿಂಗಳು ಹಣ ಕಳಿಸುವ ಪದ್ಧತಿ ಜೋರಾಗಿತ್ತು. ಕೊರಿಯಾ ಯುದ್ಧದ ಅನಾಥರಿಗಾಗಿ 1952ರಲ್ಲಿ ಶುರುವಾದ ಕಂಪ್ಯಾಷನ್ ಇಂಟರ್‌ನ್ಯಾಷನಲ್ ಭಾರತದಲ್ಲಿ ಸ್ಥಳೀಯ ಸಭೆಗಳ ಮೂಲಕವೇ ಸುಮಾರು 1.45 ಲಕ್ಷ ಮಕ್ಕಳಿಗೆ ನೆರವಾಗುತ್ತಿತ್ತು. ವಿದೇಶಿ ದೇಣಿಗೆಯ ಕಾಯ್ದೆಯಡಿ ಅನುಮತಿ ಸಿಗದೆ 2017ರ ಮಾರ್ಚಿನಲ್ಲಿ ಇಲ್ಲಿಂದ ಹೊರನಡೆಯಿತು. 2020ರ ತಿದ್ದುಪಡಿ ವಿದೇಶಿ ಹಣ ಪಡೆದ ದೊಡ್ಡ ಸಂಸ್ಥೆ ಅದನ್ನು ಸಣ್ಣ ಸಂಸ್ಥೆಗೆ ಹಂಚುವುದನ್ನೇ ನಿಷೇಧಿಸಿತು. ನೆರವು ನಿಂತು ಮಕ್ಕಳಿಗೆ ತೊಂದರೆಯಾದದ್ದು ನಿಜ. ಆದರೂ ನನಗೆ ಆ ಫೋಟೊ ಪದ್ಧತಿಯ ಮೇಲೆ ಪ್ರೀತಿ ಇಲ್ಲ. ಒಂದೇ ಬೀದಿಯ ಎರಡು ಮನೆಗಳಲ್ಲಿ ಒಂದು ಮಗುವಿಗೆ ಅಮೆರಿಕದ ಅಂಕಲ್, ಇನ್ನೊಂದಕ್ಕೆ ಯಾರೂ ಇಲ್ಲ ಎಂಬುದು ನ್ಯಾಯವಲ್ಲ. ಇಲ್ಲಿಯವರ ಚೀಲದ ಐದು ರೂಪಾಯಿ, ಸರ್ಕಾರದ ನಾಲ್ಕು ಸಾವಿರ, ಇವೇ ಗಟ್ಟಿ.

ಹಣಕ್ಕಿಂತ ಮುಳ್ಳಿನ ಮಾತು ಮತಾಂತರದ್ದು. ಚರ್ಚಿನವರು ತಾಂಡಾಕ್ಕೆ ಕಾಲಿಟ್ಟರೆ ಯಾಕೆ ಬಂದರು ಎಂಬ ಪ್ರಶ್ನೆ ಏಳುತ್ತದೆ. 2022ರ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ‘ಆಮಿಷ’ದ ಪಟ್ಟಿಯಲ್ಲಿ ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣವನ್ನೂ ಸೇರಿಸಿತು. ಅಪ್ರಾಪ್ತರು, ಮಹಿಳೆಯರು, ಪರಿಶಿಷ್ಟರ ವಿಷಯದಲ್ಲಿ ಶಿಕ್ಷೆ ಹತ್ತು ವರ್ಷದವರೆಗೆ. ಇದನ್ನು ಹಿಂತೆಗೆದುಕೊಳ್ಳಲು 2023ರ ಜೂನಿನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಕಾಯ್ದೆಯ ಪರ ವಿರೋಧ ಏನೇ ಇರಲಿ, ಅನುಮಾನದ ಬೆಲೆ ತೆರುವುದು ಮಗು. ಸ್ವಯಂಸೇವಕರು ಹೆದರಿ ಕ್ರೈಸ್ತರ ಮನೆಗಳಿಗಷ್ಟೇ ಹೋಗತೊಡಗಿದರೆ ನಷ್ಟ ಪಕ್ಕದ ಮನೆಯ ಮಗುವಿಗೆ.

ಹಾಗೆಂದು ಅನುಮಾನವನ್ನು ಬರೀ ದ್ವೇಷ ಎಂದು ತಳ್ಳಿಹಾಕುವುದೂ ಪ್ರಾಮಾಣಿಕವಲ್ಲ. ಹಸಿದ ಮಗುವಿನ ಮುಂದೆ ತಟ್ಟೆ ಇಟ್ಟು ಪ್ರಾರ್ಥನೆ ಹೇಳಿಸಿದವರು ಚರಿತ್ರೆಯಲ್ಲಿ ಇದ್ದಾರೆ, ಎಲ್ಲ ಧರ್ಮಗಳಲ್ಲೂ. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 20ನೇ ವಿಧಿ, ಮನೆಯಿಂದ ಹೊರಗೆ ಬೆಳೆಯಬೇಕಾದ ಮಗುವಿನ ಧರ್ಮ, ಸಂಸ್ಕೃತಿ, ಭಾಷೆಗೆ ಗೌರವ ಸಿಗಬೇಕು ಎನ್ನುತ್ತದೆ. ಸಂಜೆ ಪಾಠದ ಕೋಣೆಯಲ್ಲಿ ಧರ್ಮೋಪದೇಶ ಬೇಡ, ಅದಕ್ಕೆ ಭಾನುವಾರವಿದೆ, ಅದು ಕ್ರೈಸ್ತ ಮಕ್ಕಳಿಗೆ. ಈ ಗೆರೆಯನ್ನು ದಪ್ಪವಾಗಿ, ಎಲ್ಲರಿಗೂ ಕಾಣುವಂತೆ ಎಳೆದವರ ಬಳಿ ಊರಿನವರು ಜಗಳಕ್ಕೆ ಬರುವುದು ಕಡಿಮೆ. ಊರಿನ ಅಂಗನವಾಡಿ ಕಾರ್ಯಕರ್ತೆಯನ್ನೋ ಆಶಾ ಅಕ್ಕನನ್ನೋ ಜೊತೆಗೆ ಕರೆದುಕೊಂಡು ಹೋದರೆ ಇನ್ನೂ ಕಡಿಮೆ. ಲಂಬಾಣಿ ಮನೆಯಲ್ಲಿ ಅವರ ಮಾತು ಬಲ್ಲ ಒಬ್ಬರು ಇರುವುದಂತೂ ಅಗತ್ಯ. ಕೊಂಕಣಿ ಅಕ್ಕ, ಮಲಯಾಳಿ ಸಿಸ್ಟರ್, ಗೋರ್‌ಬೋಲಿ ಮಾತಾಡುವ ಅಜ್ಜಿ ಮೂವರೂ ತೊದಲು ಕನ್ನಡದಲ್ಲಿ ಮಾತಾಡಿಕೊಳ್ಳುವ ದೃಶ್ಯ ಭದ್ರಾವತಿಯಲ್ಲಿ ಹೊಸದಲ್ಲ, ಆದರೆ ಮಗುವಿನ ಗುಟ್ಟು ಆ ಕನ್ನಡದಲ್ಲಿ ಹೊರಬರುವುದಿಲ್ಲ.

ಇನ್ನೊಂದು ಅಪಾಯದ ಬಗ್ಗೆ ಚರ್ಚಿನವರೇ ಮೊದಲು ಮಾತಾಡಬೇಕು. ಐರ್ಲೆಂಡಿನಲ್ಲಿ ಧಾರ್ಮಿಕ ಸಂಘಗಳು ನಡೆಸುತ್ತಿದ್ದ ಮಕ್ಕಳ ಸಂಸ್ಥೆಗಳಲ್ಲಿ ದಶಕಗಟ್ಟಲೆ ನಡೆದ ಹೊಡೆತ, ಲೈಂಗಿಕ ದೌರ್ಜನ್ಯವನ್ನು 2009ರ ರಯಾನ್ ವರದಿ ಬಯಲಿಗೆಳೆಯಿತು. ಸೇವೆ ಮಾಡುವವರು ಪವಿತ್ರರು ಎಂಬ ನಂಬಿಕೆಯೇ ಅಲ್ಲಿ ಮಕ್ಕಳಿಗೆ ಮುಳುವಾಯಿತು. 2019ರಲ್ಲಿ ಪೋಪ್ ಫ್ರಾನ್ಸಿಸ್ ಪ್ರತಿ ಧರ್ಮಪ್ರಾಂತ್ಯದಲ್ಲೂ ದೂರು ಕೊಡುವ ವ್ಯವಸ್ಥೆ ಇರಲೇಬೇಕೆಂದು ಆಜ್ಞೆ ಹೊರಡಿಸಿದ್ದು ಇಂಥ ಅನುಭವಗಳ ನಂತರವೇ. ನಮ್ಮ ಪೋಕ್ಸೊ ಕಾಯ್ದೆಯಂತೂ ಇನ್ನೂ ಖಡಕ್ಕು: ಮಗುವಿನ ಮೇಲಿನ ಲೈಂಗಿಕ ಅಪರಾಧ ಗೊತ್ತಾಗಿಯೂ ಪೊಲೀಸರಿಗೆ ತಿಳಿಸದಿದ್ದರೆ ತಿಳಿಸದವರಿಗೇ ಶಿಕ್ಷೆ, ಸಂಸ್ಥೆಯ ಮುಖ್ಯಸ್ಥರಿಗೆ ಹೆಚ್ಚಿನ ಶಿಕ್ಷೆ. ‘ಫಾದರ್ ಮಾತಾಡಿ ಸರಿಮಾಡ್ತಾರೆ’ ಎಂಬ ಹಳೆಯ ರೂಢಿಗೆ ಇಲ್ಲಿ ಜಾಗವಿಲ್ಲ.

ಆದ್ದರಿಂದ ಒಳ್ಳೆಯ ಮನಸ್ಸು ಇರುವವರನ್ನೆಲ್ಲ ಮಕ್ಕಳ ನಡುವೆ ಬಿಡಬಾರದು. ಪೊಲೀಸ್ ಪರಿಶೀಲನೆ ಆಗಬೇಕು. ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಮಗುವಿನ ಜೊತೆ ಇರಬಾರದು. ಹುಡುಗಿಯರ ಮನೆಗೆ ಹೆಂಗಸರಿಲ್ಲದೆ ಹೋಗಬಾರದು. ಮಗುವಿನ ಕಥೆ ಪೂಜೆಯ ಪ್ರಸಂಗದಲ್ಲಿ ಉದಾಹರಣೆಯಾಗಿ ಬರಬಾರದು. ಸಣ್ಣ ಊರಿನಲ್ಲಿ ಹೆಸರು ಹೇಳದಿದ್ದರೂ ಎಲ್ಲರಿಗೂ ಗೊತ್ತಾಗುತ್ತದೆ. 1960ರಲ್ಲಿ ಶುರುವಾದ ಮಂಗಳೂರಿನ ರೋಶನಿ ನಿಲಯದಿಂದ ಹಿಡಿದು ಕುವೆಂಪು ವಿಶ್ವವಿದ್ಯಾಲಯದವರೆಗೆ ಸಮಾಜಕಾರ್ಯ ಕಲಿಸುವವರು ನಮ್ಮ ಸುತ್ತ ಇದ್ದಾರೆ. ಎರಡು ದಿನದ ತರಬೇತಿಗೆ ಅವರನ್ನು ಕರೆದರೆ ಬರುತ್ತಾರೆ. ಭಕ್ತಿಗೆ ಬದಲಿ ಎಂದಲ್ಲ, ಭಕ್ತಿಗೆ ಕೈಕಾಲು ಬರಲಿ ಎಂದು.

ಒಂದು ಕೊರತೆಯನ್ನಂತೂ ಮುಚ್ಚಿಡಲಾಗದು. ಮನೆ ಭೇಟಿಗೆ ಹೋಗುವವರಿಗೆ ವಯಸ್ಸಾಗುತ್ತಿದೆ. ಕಾರ್ಖಾನೆಯ ದಿನಗಳ ಗಟ್ಟಿ ಕುಟುಂಬಗಳು ಚದುರಿವೆ. ಅವರ ಮಕ್ಕಳು ಬೆಂಗಳೂರು, ದುಬೈ, ಕೆನಡಾಗಳಲ್ಲಿದ್ದಾರೆ. ಅವರಿಂದ ಹಣ ಬರುತ್ತದೆ, ಮನೆ ಭೇಟಿಗೆ ಬೇಕಾದ ಹೊತ್ತು ಬರುವುದಿಲ್ಲ. ಹಣ ಬಂದಾಗ ಪಾಲನಾ ಸಮಿತಿಗೆ ಮೊದಲು ಹೊಳೆಯುವುದು ಮತ್ತೊಂದು ಕಟ್ಟಡ, ಗೋಪುರ, ಟೈಲ್ಸು. ನನ್ನನ್ನು ಕೇಳಿದರೆ ಶಿವಮೊಗ್ಗ, ಭದ್ರಾವತಿಯ ಧರ್ಮಕೇಂದ್ರಗಳು ಮುಂದಿನ ಹತ್ತು ವರ್ಷ ಮಕ್ಕಳಿಗಾಗಿ ಒಂದು ಇಟ್ಟಿಗೆಯನ್ನೂ ಇಡದೆ, ಆ ಹಣದಲ್ಲಿ ಹೋಬಳಿಗೊಬ್ಬ ತರಬೇತಾದ ಯುವತಿಗೆ ಸರಿಯಾದ ಸಂಬಳ ಕೊಟ್ಟು, ಅವಳ ಸುತ್ತ ಸ್ವಯಂಸೇವಕರನ್ನು ಕಟ್ಟಿದರೆ ಹೆಚ್ಚು ಮಕ್ಕಳು ಅವರವರ ಮನೆಯಲ್ಲೇ ಉಳಿಯುತ್ತಾರೆ.

ಇದನ್ನು ಓದುವವರು ಚರ್ಚಿನವರೇ ಆಗಬೇಕಿಲ್ಲ. ನಿಮ್ಮ ಮನೆಗೆಲಸದವಳೋ, ತೋಟದ ಆಳೋ, ಪಕ್ಕದ ಬೀದಿಯ ಅಜ್ಜಿಯೋ ಗಂಡನಿಲ್ಲದೆ, ಮಗನಿಲ್ಲದೆ ಮಕ್ಕಳನ್ನು ಸಾಕುತ್ತಿದ್ದರೆ, ಪ್ರಾಯೋಜಕತ್ವದ ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಸಿಗುತ್ತದೆ ಎಂದು ಅವರಿಗೆ ಹೇಳಿ. ಸಾಧ್ಯವಾದರೆ ಒಂದು ದಿನ ರಜೆ ಹಾಕಿ ಜೊತೆಗೆ ಹೋಗಿ. ಮಗುವಿಗೆ ಹೊಡೆತ, ಬಾಲ್ಯವಿವಾಹ, ದುಡಿಮೆಯ ಅಪಾಯ ಕಂಡರೆ 1098ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗಲಾದರೂ ಕರೆ ಹೋಗುತ್ತದೆ, ಖರ್ಚಿಲ್ಲ, ನಿಮ್ಮ ಹೆಸರು ಹೇಳಲೇಬೇಕೆಂದಿಲ್ಲ.